ತಿಳಿದು ಹೂಡಿರಿ ಎಂಬ ಉಪದೇಶ

ದೋಹಾದ ಅನಿವಾಸಿ ಬದುಕಿನಲ್ಲಿ ಈಚೆಗೆ ಒಂದು ಹೊಸ ಬಗೆಯ ಪ್ರವಚನ ಬೇರೂರಿದೆ. ವಾರಾಂತ್ಯದ ಸಂಜೆ, ಹೋಟೆಲೊಂದರ ಸಭಾಂಗಣ, ಚಹಾ ಮತ್ತು ಸಮೋಸ, ತೆರೆಯ ಮೇಲೆ ಏರುತ್ತಲೇ ಹೋಗುವ ಹಸಿರು ಗೆರೆ. ಮಾತನಾಡುವವರು ಬದಲಾದರೂ ಮಾತಿನ ಸಾರ ಬದಲಾಗುವುದಿಲ್ಲ: ಮಾರುಕಟ್ಟೆಯ ಗತಿಯನ್ನು ಅರಿಯಿರಿ, ಅರ್ಥವ್ಯವಸ್ಥೆಯ ದಿಕ್ಕನ್ನು ಗುರುತಿಸಿರಿ, ತಿಳಿದು ಹೂಡಿರಿ. ಕೇಳುವುದಕ್ಕೆ ಇದಕ್ಕಿಂತ ನಿರುಪದ್ರವಿಯಾದ ಮಾತು ಬೇರೊಂದಿಲ್ಲ. ಅರಿವು ಬೇಡವೆಂದು ಯಾರು ತಾನೇ ಹೇಳಿಯಾರು? ಆದರೆ ಈ ಉಪದೇಶದ ಒಡಲಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಮಾತು ಅಡಗಿದೆ. ಹೂಡಿದ್ದನ್ನು ಕಳೆದುಕೊಂಡವನು ತಿಳಿಯದೆ ಹೂಡಿದವನು; ಮುಪ್ಪಿನಲ್ಲಿ ಬರಿಗೈಯಾದವನು ಪ್ರಾಯದಲ್ಲಿ ಮಾರುಕಟ್ಟೆಯನ್ನು ಓದದೆ ಕಾಲ ಕಳೆದವನು. ಹೀಗೆ ರಾಜ್ಯವ್ಯವಸ್ಥೆಯೂ ಉದ್ಯೋಗದಾತನೂ ಹೊರಬೇಕಾದ ಹೊರೆ ಸದ್ದಿಲ್ಲದೆ ದುಡಿಯುವವನ ಹೆಗಲಿಗೆ ಜಾರುತ್ತದೆ, ಅದಕ್ಕೆ 'ಆರ್ಥಿಕ ಸಾಕ್ಷರತೆ' ಎಂಬ ಗೌರವದ ಹೆಸರೂ ದೊರೆಯುತ್ತದೆ.

ಕತಾರಿನಲ್ಲಿ ಸುಮಾರು 8 ಲಕ್ಷ ಭಾರತೀಯರಿದ್ದಾರೆ. ಅವರಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಬಂದ ಕನ್ನಡಿಗರ, ತುಳುವರ, ಬ್ಯಾರಿಗಳ, ನವಾಯತರ ಸಂಖ್ಯೆ ಸಣ್ಣದಲ್ಲ. ಇವರಲ್ಲಿ ಯಾರಿಗೂ ಕತಾರಿನಲ್ಲಿ ಪಿಂಚಣಿಯಿಲ್ಲ. 2004ರ 14ನೇ ಕಾನೂನು, ಅಂದರೆ ಅಲ್ಲಿನ ಕಾರ್ಮಿಕ ಕಾಯಿದೆ, ಸೇವೆ ಮುಗಿದಾಗ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲವೇತನವನ್ನು ಗ್ರಾಚ್ಯುಟಿಯಾಗಿ ಕೊಡಬೇಕೆನ್ನುತ್ತದೆ. ಮೂಲವೇತನ ಎಂಬ ಪದದಲ್ಲಿಯೇ ಜಾಣತನವಿದೆ. ಸಂಬಳವನ್ನು 'ಬೇಸಿಕ್' ಎಂದೂ ಭತ್ಯೆಗಳೆಂದೂ ಒಡೆದು, ಬೇಸಿಕ್ ಅನ್ನು ಆದಷ್ಟು ಕುಗ್ಗಿಸಿಡುವ ಲೆಕ್ಕಾಚಾರ ಕೊಲ್ಲಿಯಲ್ಲಿ ದುಡಿದವರೆಲ್ಲರಿಗೂ ಪರಿಚಿತ. 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ಕನಿಷ್ಠ ವೇತನ ತಿಂಗಳಿಗೆ 1,000 ರಿಯಾಲ್. ವಸತಿ, ಊಟಗಳನ್ನು ಕಂಪನಿ ಒದಗಿಸದಿದ್ದರೆ ಅದರ ಮೇಲೆ 500 ಮತ್ತು 300. ಆ 1,000ದ ಮೇಲೆ ಹತ್ತು ವರ್ಷ ಬಿಸಿಲಲ್ಲಿ ಬೆಂದವನಿಗೆ ದಕ್ಕುವ ಗ್ರಾಚ್ಯುಟಿ 7,000 ರಿಯಾಲ್, ಅಂದರೆ 2024ರ ದರದಲ್ಲಿ, ರಿಯಾಲಿಗೆ 23 ರೂಪಾಯಿಯಂತೆ, ಒಂದು ಲಕ್ಷ ಅರವತ್ತು ಸಾವಿರದ ಆಸುಪಾಸು. ಅದನ್ನು ಷೇರಿನಲ್ಲಿ ಹೂಡಬೇಕೋ ಚಿನ್ನದಲ್ಲೋ ಎಂಬ ಚರ್ಚೆ ಕ್ರೂರ ಹಾಸ್ಯ.

ಇದೇ ನೆಲದಲ್ಲಿ, ಇದೇ ಆಳುವವರು, ತಮ್ಮ ಪ್ರಜೆಗಳ ವಿಷಯದಲ್ಲಿ ಹೇಗೆ ನಡೆದುಕೊಂಡಿದ್ದಾರೆ? ಕತಾರಿ ಪ್ರಜೆಗಾಗಿ 2022ರ 1ನೇ ಕಾನೂನು ಸಾಮಾಜಿಕ ವಿಮೆಯನ್ನು ಏರ್ಪಡಿಸಿದೆ: ಸಂಬಳದ ಶೇ 7 ನೌಕರನದು, ಶೇ 14 ಉದ್ಯೋಗದಾತನದು, ಕೊನೆಗೆ ಪಿಂಚಣಿ. ಅದರ ಬೆನ್ನಿಗೆ 2005ರಲ್ಲಿ ಸ್ಥಾಪಿತವಾದ ಕತಾರ್ ಹೂಡಿಕೆ ಪ್ರಾಧಿಕಾರ ನಿಂತಿದೆ. ಅನಿಲ ಬರಿದಾದ ಮೇಲೂ ಮುಂದಿನ ಪೀಳಿಗೆಗಳು ಬಾಳಬೇಕೆಂದು ಅದು ಲಂಡನ್ನಿನ ಹ್ಯಾರೊಡ್ಸ್ ಮಳಿಗೆಯನ್ನು 2010ರಲ್ಲಿ ಕೊಂಡಿತು, ಶಾರ್ಡ್ ಗೋಪುರದ ಬಹುಪಾಲನ್ನು ಕೊಂಡಿತು, ಫೋಕ್ಸ್‌ವ್ಯಾಗನ್ ಕಂಪನಿಯಲ್ಲಿ ಪಾಲು ಪಡೆಯಿತು. 2023ರಲ್ಲಿ ರಿಲಯನ್ಸ್ ರಿಟೇಲ್‌ನ ಸುಮಾರು ಶೇ 1ರಷ್ಟು ಪಾಲಿಗೆ 8,278 ಕೋಟಿ ರೂಪಾಯಿ ಸುರಿಯಿತು. ಕತಾರಿ ಪ್ರಜೆಯ ಮುಪ್ಪು ಅವನೊಬ್ಬನ ಮಾರುಕಟ್ಟೆ ಜ್ಞಾನದ ಮೇಲೆ ನಿಂತಿಲ್ಲ. ಅದಕ್ಕೆಂದೇ ಒಂದು ಸಂಸ್ಥೆಯಿದೆ, ಕಾನೂನಿದೆ, ಖಜಾನೆಯಿದೆ. 2017ರ ಜೂನ್ 5ರಂದು ಸೌದಿ, ಸಂಯುಕ್ತ ಅರಬ್ ಸಂಸ್ಥಾನ, ಬಹರೇನ್, ಈಜಿಪ್ಟ್‌ಗಳು ದಿಗ್ಬಂಧನ ಹೂಡಿದಾಗ ದೋಹಾದ ಷೇರುಪೇಟೆ ಒಂದೇ ದಿನದಲ್ಲಿ ಶೇ 7ಕ್ಕಿಂತ ಹೆಚ್ಚು ಕುಸಿಯಿತು. ಆಗ ಸರ್ಕಾರ ಹೊರಗಿಟ್ಟಿದ್ದ ನಿಧಿಯನ್ನು ತಂದು ಬ್ಯಾಂಕುಗಳಿಗೆ ಆಸರೆ ಕೊಟ್ಟಿತು. ಅಪಾಯವನ್ನು ಒಬ್ಬೊಬ್ಬನ ತಲೆಗೆ ಕಟ್ಟದೆ ಎಲ್ಲರ ಪರವಾಗಿ ಹೊರುವುದು ಹೇಗೆಂಬುದು ಆ ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಲುಸೈಲ್ ನಗರವನ್ನೂ ಮೆಟ್ರೊ ಮಾರ್ಗವನ್ನೂ ಎಂಟು ಕ್ರೀಡಾಂಗಣಗಳನ್ನೂ ಕಟ್ಟಿದ ಕೈಗಳಿಗೆ ಮಾತ್ರ ಆ ವಿವೇಕ ಅನ್ವಯಿಸುವುದಿಲ್ಲ. ಅವರು ಸ್ವತಃ ಓದಿಕೊಳ್ಳಬೇಕು, ತಿಳಿದು ಹೂಡಬೇಕು.

ಹಾಗಾದರೆ ಅರ್ಥವ್ಯವಸ್ಥೆಯ ಗತಿಯನ್ನು ತಿಳಿಯುವುದೇ ವ್ಯರ್ಥವೇ? ಖಂಡಿತ ಅಲ್ಲ. ಈ ಪ್ರವಚನಕಾರರ ಮೇಲಿನ ಮುಖ್ಯ ಆಕ್ಷೇಪವೇ ಅವರು ಕಲಿಸಬೇಕಾದುದನ್ನು ಕಲಿಸುವುದಿಲ್ಲ ಎಂಬುದು.

ಮೊದಲನೆಯದಾಗಿ ರೂಪಾಯಿಯ ಮಾತು. ರೂಪಾಯಿ ಕುಸಿದ ದಿನ ಮುಶೈರಿಬ್, ನಜ್ಮಾಗಳ ಎಕ್ಸ್‌ಚೇಂಜ್‌ಗಳ ಮುಂದೆ ಸಾಲು ಬೆಳೆಯುತ್ತದೆ, ಮುಖಗಳಲ್ಲಿ ಒಂದು ಬಗೆಯ ಹಬ್ಬದ ಕಳೆ. ಕತಾರಿನ ರಿಯಾಲ್ 2001ರಿಂದ ಅಧಿಕೃತವಾಗಿಯೇ ಅಮೆರಿಕದ ಡಾಲರಿಗೆ 3.64ರ ದರದಲ್ಲಿ ಕಟ್ಟಿಹಾಕಲ್ಪಟ್ಟಿದೆ. ಆದ್ದರಿಂದ ದೋಹಾದಲ್ಲಿ ಕೂತವನ ಪಾಲಿಗೆ ರಿಯಾಲಿನ ಏರಿಳಿತವೆಂಬುದು ರೂಪಾಯಿಯ ಇಳಿತವಷ್ಟೇ. 2011ರ ಆರಂಭದಲ್ಲಿ ಡಾಲರಿಗೆ 45 ರೂಪಾಯಿಯ ಸುಮಾರಿತ್ತು, ರಿಯಾಲಿಗೆ 12 ರೂಪಾಯಿ ಚಿಲ್ಲರೆ. 2024ರ ಅಕ್ಟೋಬರ್ ವೇಳೆಗೆ ಡಾಲರಿಗೆ 84, ರಿಯಾಲಿಗೆ 23. ಈಗ ಒಂದು ಸರಳ ಲೆಕ್ಕ. 2011ರಲ್ಲಿ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ 50 ಲಕ್ಷ ರೂಪಾಯಿಯ ಫ್ಲ್ಯಾಟ್ ಕೊಂಡವನು ಅದಕ್ಕಾಗಿ ಸುಮಾರು 4 ಲಕ್ಷ ರಿಯಾಲ್ ಕಳಿಸಿರುತ್ತಾನೆ. ಅದೇ 4 ಲಕ್ಷ ರಿಯಾಲ್ ಮರಳಿ ಕೈಸೇರಬೇಕಾದರೆ 2024ರಲ್ಲಿ ಆ ಫ್ಲ್ಯಾಟು 93 ಲಕ್ಷಕ್ಕೆ ಮಾರಾಟವಾಗಬೇಕು. ಅದಕ್ಕಿಂತ ಕಡಿಮೆಗೆ ಹೋದರೆ, ಊರಿನ ನೆಂಟರ ಕಣ್ಣಿಗೆ ಆಸ್ತಿ ಬೆಳೆದಂತೆ ಕಂಡರೂ, ದುಡಿದ ನಾಣ್ಯದ ಲೆಕ್ಕದಲ್ಲಿ ಅದು ಕರಗಿದೆ. ಊರಿಗೇ ಮರಳಿ ರೂಪಾಯಿಯಲ್ಲೇ ಬಾಳುವವನಿಗೆ ಈ ಲೆಕ್ಕ ಅಷ್ಟು ಕಠೋರವಲ್ಲ ಎನ್ನಬಹುದು; ಆದರೆ ಅವನಿಗೂ ರೂಪಾಯಿಯ ಕುಸಿತ ತೈಲದ ಬೆಲೆಯಾಗಿ, ಅಡುಗೆ ಎಣ್ಣೆಯ ಬೆಲೆಯಾಗಿ ಮನೆಯ ಅಡುಗೆಕೋಣೆಗೇ ಬರುತ್ತದೆ. ಒಂದು ಕೈಯಲ್ಲಿ ಹೆಚ್ಚು ರೂಪಾಯಿ ಕೊಟ್ಟ ಗತಿಯೇ ಇನ್ನೊಂದು ಕೈಯಿಂದ ಅದನ್ನು ಕಿತ್ತುಕೊಳ್ಳುತ್ತದೆ.

ಎರಡನೆಯದು ಸಾಲ. ಕತಾರಿನ ಕೇಂದ್ರ ಬ್ಯಾಂಕ್ 2011ರಲ್ಲಿ ವಲಸಿಗರ ವೈಯಕ್ತಿಕ ಸಾಲಕ್ಕೆ 4 ಲಕ್ಷ ರಿಯಾಲಿನ ಮಿತಿಯನ್ನೂ ನಾಲ್ಕು ವರ್ಷಗಳ ಅವಧಿಯನ್ನೂ ವಿಧಿಸಿತು. ಕಂತು ಸಂಬಳದ ಅರ್ಧವನ್ನು ಮೀರಬಾರದು. ಕಚೇರಿಯಲ್ಲಿ ದುಡಿಯುವ ಎಂಜಿನಿಯರ್, ಅಕೌಂಟೆಂಟ್, ನರ್ಸ್ ಈ ಸಾಲದಿಂದ ಊರಲ್ಲಿ ನಿವೇಶನ ಕೊಳ್ಳುವುದು ಸಾಮಾನ್ಯ ಸಂಗತಿ. ಇಲ್ಲಿ ಸಾಲ ಡಾಲರಿಗೆ ಕಟ್ಟಿದ ನಾಣ್ಯದಲ್ಲಿದೆ, ಆಸ್ತಿ ಕುಸಿಯುವ ನಾಣ್ಯದಲ್ಲಿದೆ, ಕಂತು ತೀರುವುದು ಕೆಲಸ ಉಳಿದರೆ ಮಾತ್ರ. ಆ ಕೆಲಸ ಯಾವುದರ ಮೇಲೆ ನಿಂತಿದೆ? ಅನಿಲ ಮತ್ತು ತೈಲದ ಬೆಲೆಯ ಮೇಲೆ. 2014ರ ನಡುವೆ ಪೀಪಾಯಿಗೆ 110 ಡಾಲರ್ ಇದ್ದ ತೈಲ 2016ರ ಜನವರಿಯಲ್ಲಿ 30 ಡಾಲರಿನ ಕೆಳಗಿಳಿದಾಗ ದೋಹಾದಲ್ಲಿ ಎಣ್ಣೆ, ಅನಿಲ ಕಂಪನಿಗಳಿಂದ ಹಿಡಿದು ಸುದ್ದಿವಾಹಿನಿಯ ತನಕ ಕೆಲಸ ಕಳೆದುಕೊಂಡವರ ಸಾಲು ಹುಟ್ಟಿತು. 2020ರಲ್ಲಿ ಸೋಂಕಿನ ನಡುವೆ ಹಣಕಾಸು ಸಚಿವಾಲಯ ಸರ್ಕಾರಿ ಸಂಸ್ಥೆಗಳಿಗೆ ಕಳಿಸಿದ ಸೂಚನೆ ಇನ್ನೂ ಸ್ಪಷ್ಟವಾಗಿತ್ತು: ಜೂನ್ 1ರಿಂದ ಕತಾರಿಗಳಲ್ಲದ ನೌಕರರ ಮೇಲಿನ ಮಾಸಿಕ ವೆಚ್ಚವನ್ನು ಶೇ 30ರಷ್ಟು ಇಳಿಸಬೇಕು. ಅಪಾಯವನ್ನು ಯಾರು ಹೊರಬೇಕೆಂದು ಇಷ್ಟು ನೇರವಾಗಿ ಬರೆದ ಆರ್ಥಿಕ ದಾಖಲೆ ಅಪರೂಪ. ಕೆಲಸ ಹೋದ ದಿನ ವೀಸಾದ ಗಡಿಯಾರ ಓಡಲಾರಂಭಿಸುತ್ತದೆ, ಸಾಲ ಮಾತ್ರ ಅಲ್ಲೇ ನಿಂತಿರುತ್ತದೆ. ತೀರದ ಸಾಲ ದೇಶ ಬಿಡುವುದಕ್ಕೇ ತಡೆಯಾಗಬಲ್ಲದು.

ಇನ್ನು ಯುದ್ಧ. 2025ರ ಜೂನ್ 23ರಂದು ಇರಾನಿನ ಕ್ಷಿಪಣಿಗಳು ಅಲ್ ಉದೈದ್ ನೆಲೆಯತ್ತ ಹಾರಿದವು. ಸೆಪ್ಟೆಂಬರ್ 9ರಂದು ಇಸ್ರೇಲಿನ ದಾಳಿ ದೋಹಾ ನಗರದೊಳಗೇ ನಡೆಯಿತು. ಯಾವ ಸಭಾಂಗಣದ ಹಸಿರು ಗೆರೆಯೂ ಇದನ್ನು ಮೊದಲೇ ತೋರಿಸಿರಲಿಲ್ಲ. ದುಡಿಮೆ, ಸಾಲ, ಜೀವ ಮೂರೂ ಒಂದೇ ಆಕಾಶದಡಿ ಇರುವಾಗ ಉಳಿತಾಯವನ್ನಾದರೂ ಬೇರೆ ಹವೆಯಲ್ಲಿ ಇಡುವುದು, ಸಾಲದ ಬೆನ್ನೇರಿ ಆಸ್ತಿ ಕೊಳ್ಳದಿರುವುದು, ಆರು ತಿಂಗಳ ಖರ್ಚನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ನಿಜವಾದ ಅರಿವು. ಇದನ್ನು ಹೇಳುವುದಕ್ಕೆ ಹತ್ತು ನಿಮಿಷ ಸಾಕು. ಆದರೆ ಇದನ್ನು ಹೇಳಿದವನಿಗೆ ಕಮಿಷನ್ ಬರುವುದಿಲ್ಲ. ಕಮಿಷನ್ ಇರುವುದು ಮೂವತ್ತು ವರ್ಷದ ವಿಮಾ ಪಾಲಿಸಿಯಲ್ಲಿ, ಇನ್ನೂ ಅಡಿಪಾಯ ಬೀಳದ ಅಪಾರ್ಟ್‌ಮೆಂಟಿನಲ್ಲಿ. 2009ರ ಆಗಸ್ಟ್‌ನಲ್ಲಿ ಸೆಬಿ ಮ್ಯೂಚುವಲ್ ಫಂಡುಗಳ ಪ್ರವೇಶ ಶುಲ್ಕವನ್ನು ರದ್ದು ಮಾಡಿದಾಗ ಮಾರಾಟಗಾರರ ಉತ್ಸಾಹ ರಾತ್ರೋರಾತ್ರಿ ವಿಮೆಯ ಕಡೆಗೆ ಹೊರಳಿದ್ದನ್ನು ನೆನೆದರೆ ಸಾಕು, ಉಪದೇಶದ ಮೂಲ ಎಲ್ಲಿದೆಯೆಂಬುದು ತಿಳಿಯುತ್ತದೆ.

'ತಿಳಿದು ಹೂಡಿರಿ' ಎಂಬವರು ತಮ್ಮ ವಾದಕ್ಕೆ ಸಾಕ್ಷಿಯಾಗಿ ಯಾವಾಗಲೂ ಎತ್ತುವುದು ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐಎಂಎ ಪ್ರಕರಣ. ದುರಾಸೆಗೆ ಬಿದ್ದವರ ಕತೆ ಎಂದು ಅದನ್ನು ಹೇಳಲಾಗುತ್ತದೆ. ಆ ಕತೆಯನ್ನು ಇನ್ನೊಮ್ಮೆ ಓದಬೇಕು. 2006ರಲ್ಲಿ ಮೊಹಮ್ಮದ್ ಮನ್ಸೂರ್ ಖಾನ್ ಆರಂಭಿಸಿದ ಆ ಸಂಸ್ಥೆ ಬಡ್ಡಿಯ ಬದಲು ಲಾಭಾಂಶ, ಅದೂ ಹಲಾಲ್ ಲಾಭಾಂಶ ಎಂದಿತು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು. ಠೇವಣಿಯೆಂದರೆ ಕಾನೂನು ಅಡ್ಡ ಬರುತ್ತದೆಂದು ಹಣ ಕೊಟ್ಟ ಪ್ರತಿಯೊಬ್ಬರನ್ನೂ ಕಾಗದದ ಮೇಲೆ 'ಪಾಲುದಾರ'ರನ್ನಾಗಿ ಮಾಡಿತು. ಶಿವಾಜಿನಗರದ ಮನೆಗೆಲಸದ ಹೆಂಗಸೂ ನಿವೃತ್ತ ಶಿಕ್ಷಕನೂ ಮಗಳ ಮದುವೆಗೆಂದು ಕೊಲ್ಲಿಯಿಂದ ಹಣ ಕಳಿಸಿದವನೂ ಏಕಕಾಲಕ್ಕೆ ಉದ್ಯಮಪತಿಗಳಾದರು. 2019ರ ಜೂನ್‌ನಲ್ಲಿ ಮಾಲೀಕ ಒಂದು ಧ್ವನಿಮುದ್ರಿಕೆಯನ್ನು ಬಿಟ್ಟು ದುಬೈಗೆ ಹಾರಿದಾಗ ಕೆಲವೇ ವಾರಗಳಲ್ಲಿ 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಒಂದು ಲಕ್ಷಕ್ಕೂ ಹೆಚ್ಚು ಮಂದಿಯಿಂದ ಸುಮಾರು 4,000 ಕೋಟಿ ರೂಪಾಯಿ ಸಂಗ್ರಹವಾಗಿತ್ತೆಂದು ತನಿಖೆ ಹೇಳಿತು.

ಇಲ್ಲಿ ತಿಳಿದವರು ಯಾರು, ತಿಳಿಯದವರು ಯಾರು? ರಿಸರ್ವ್ ಬ್ಯಾಂಕ್ ಈ ಸಂಸ್ಥೆಯ ಬಗ್ಗೆ ರಾಜ್ಯದ ಅಧಿಕಾರಿಗಳನ್ನು ವರ್ಷಗಳ ಮುಂಚೆಯೇ ಎಚ್ಚರಿಸಿತ್ತು. ಠೇವಣಿದಾರರ ಹಿತರಕ್ಷಣೆಗೆಂದೇ ಕರ್ನಾಟಕದಲ್ಲಿ 2004ರ ಕಾಯಿದೆಯಿತ್ತು. 2019ರ ಜುಲೈನಲ್ಲಿ ಬೆಂಗಳೂರು ನಗರದ ಜಿಲ್ಲಾಧಿಕಾರಿಯೇ ಈ ಸಂಸ್ಥೆಯಿಂದ ಲಂಚ ಪಡೆದ ಆರೋಪದ ಮೇಲೆ ಬಂಧಿತರಾದರು. ಅರಿವು ಇರಬೇಕಾದ ಕಡೆಯೆಲ್ಲ ಅರಿವಿತ್ತು. ಅದು ಕಡತದಲ್ಲಿ ಮಲಗಿತ್ತು. ಸಂಸ್ಥೆ ಸರ್ಕಾರಿ ಶಾಲೆಯನ್ನು ದತ್ತು ತೆಗೆದುಕೊಂಡದ್ದು, ರಾಜಕಾರಣಿಗಳು ಅದರ ವೇದಿಕೆಗೆ ಬಂದದ್ದು ಮಾತ್ರ ಜನರ ಕಣ್ಣಿಗೆ ಬಿತ್ತು. ಸಾಮಾನ್ಯನಿಗೆ ದೊರಕುವ ಮಾಹಿತಿ ಅಷ್ಟೇ, ಅದನ್ನಾಧರಿಸಿ ಅವನು ತನಗೆ ತಿಳಿದಂತೆ ನಿರ್ಧರಿಸಿದ. ಬಡ್ಡಿ ತನ್ನ ಧರ್ಮಕ್ಕೆ ಒಪ್ಪದೆಂದು ಬ್ಯಾಂಕಿನಿಂದ ದೂರ ಉಳಿದವನಿಗೆ ಸರ್ಕಾರವಾಗಲಿ ಬ್ಯಾಂಕುಗಳಾಗಲಿ ಒಂದು ಸುರಕ್ಷಿತ ಬದಲಿಯನ್ನು ಕೊಟ್ಟಿರಲಿಲ್ಲವೆಂಬುದನ್ನೂ ಮರೆಯಬಾರದು. ಆ ಖಾಲಿ ಜಾಗಕ್ಕೇ ಐಎಂಎ ಬಂದದ್ದು.

ಇದೊಂದು ಸಮುದಾಯದ ಅಜ್ಞಾನವೆಂದು ಮೂಗು ಮುರಿದವರಿಗೆ ಏಳು ತಿಂಗಳಲ್ಲೇ ಉತ್ತರ ದೊರೆಯಿತು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿ ಎಷ್ಟೇ ಇರಲಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅಲ್ಲಿ ಸಾಲುಗಟ್ಟಿ ನಿಂತವರಲ್ಲಿ ನಿವೃತ್ತ ಅಧಿಕಾರಿಗಳಿದ್ದರು, ಪತ್ರಿಕೆಯ ವಾಣಿಜ್ಯ ಪುಟವನ್ನು ದಿನವೂ ಓದುವವರಿದ್ದರು. ಅದು ಪರವಾನಗಿಯಿದ್ದ, ಲೆಕ್ಕಪರಿಶೋಧನೆಗೆ ಒಳಪಟ್ಟ ಬ್ಯಾಂಕು. ಒಂದು ಕಡೆ ಹಲಾಲ್ ಎಂಬ ಪದ, ಇನ್ನೊಂದು ಕಡೆ ಗುರುಗಳ ಹೆಸರು. ನಂಬಿಕೆಯನ್ನು ಬಂಡವಾಳವಾಗಿಸುವ ವಿದ್ಯೆಗೆ ಮತಭೇದವಿಲ್ಲ. ಇನ್ನೂ ಮೇಲಕ್ಕೆ ಹೋದರೆ ಐಎಲ್ ಆ್ಯಂಡ್ ಎಫ್‌ಎಸ್: 2018ರ ಆಗಸ್ಟ್‌ವರೆಗೂ ರೇಟಿಂಗ್ ಸಂಸ್ಥೆಗಳಿಂದ ಅತ್ಯುನ್ನತ ದರ್ಜೆ ಪಡೆದಿದ್ದ ಆ ಬೃಹತ್ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ಸಾಲ ತೀರಿಸಲಾಗದೆ ಮುಗ್ಗರಿಸಿತು. ಅದರ ಪತ್ರಗಳಲ್ಲಿ ಹಣವಿಟ್ಟವರು ಭವಿಷ್ಯನಿಧಿಗಳನ್ನೂ ಮ್ಯೂಚುವಲ್ ಫಂಡುಗಳನ್ನೂ ನಡೆಸುವ ಪಂಡಿತರು. ಮಾರುಕಟ್ಟೆಯ ಗತಿಯನ್ನು ಓದುವುದೇ ವೃತ್ತಿಯಾದವರಿಗೆ ಕಾಣದ್ದು ಇಂಡಸ್ಟ್ರಿಯಲ್ ಏರಿಯಾದ ಕೋಣೆಯಲ್ಲಿ ಹತ್ತು ಮಂದಿಯೊಡನೆ ಮಲಗುವವನಿಗೆ ಮೊಬೈಲಿನಲ್ಲಿ ಕಾಣಬೇಕಂತೆ!

ಮೊಬೈಲು ಎಂದೊಡನೆ ವಾಯಿದೆ ವ್ಯಾಪಾರದ ಮಾತೂ ಬರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿಯೇ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗಳಲ್ಲಿ ಕೈಯಾಡಿಸಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಉಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅದೇ ಪೇಟೆಯಲ್ಲಿ ಗಣಕಯಂತ್ರದ ಸೂತ್ರಗಳಿಂದ ವ್ಯವಹರಿಸುವ ದೊಡ್ಡ ಸಂಸ್ಥೆಗಳು ಲಾಭ ಬಾಚಿದವು. ಮರುವರ್ಷ ಜುಲೈನಲ್ಲಿ ಅಮೆರಿಕದ ಜೇನ್ ಸ್ಟ್ರೀಟ್ ಎಂಬ ಸಂಸ್ಥೆ ಸೂಚ್ಯಂಕವನ್ನೇ ತಿರುಚಿತೆಂಬ ಆರೋಪದ ಮೇಲೆ ಸೆಬಿ 4,843 ಕೋಟಿ ರೂಪಾಯಿಯನ್ನು ತಡೆಹಿಡಿಯಲು ಆದೇಶಿಸಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. ತೀರ್ಪು ಏನೇ ಬರಲಿ, ಆ ಪೇಟೆಯಲ್ಲಿ ಎದುರಾಳಿಗಳು ಸಮಬಲರಲ್ಲವೆಂಬುದಕ್ಕೆ ಸೆಬಿಯ ಅಂಕಿಗಳೇ ಸಾಕು.

ವಲಸಿಗನ ಹಣದ ಬಗ್ಗೆ ಭಾರತ ಸರ್ಕಾರಕ್ಕೆ ಯಾವಾಗ ಪ್ರೀತಿ ಉಕ್ಕುತ್ತದೆಂಬುದನ್ನೂ ಇಲ್ಲಿಯೇ ನೋಡಬಹುದು. 1991ರಲ್ಲಿ ವಿದೇಶಿ ವಿನಿಮಯ ಬರಿದಾದಾಗ ಇಂಡಿಯಾ ಡೆವಲಪ್‌ಮೆಂಟ್ ಬಾಂಡ್, 1998ರ ಪೋಖ್ರಾನ್ ಸ್ಫೋಟದ ನಂತರ ರಿಸರ್ಜೆಂಟ್ ಇಂಡಿಯಾ ಬಾಂಡ್, 2000ದಲ್ಲಿ ಮಿಲೆನಿಯಂ ಠೇವಣಿ. 2013ರ ಆಗಸ್ಟ್‌ನಲ್ಲಿ ಡಾಲರು 68 ರೂಪಾಯಿ ದಾಟಿದಾಗ, ಸೆಪ್ಟೆಂಬರ್‌ನಲ್ಲಿ ಗವರ್ನರ್ ಆಗಿ ಬಂದ ರಘುರಾಮ್ ರಾಜನ್ ಅನಿವಾಸಿಗಳ ವಿದೇಶಿ ನಾಣ್ಯದ ಠೇವಣಿಗೆ ವಿಶೇಷ ಕಿಂಡಿ ತೆರೆದರು. ನಾಣ್ಯದ ಏರಿಳಿತದ ಅಪಾಯವನ್ನು ಶೇ 3.5ರ ವೆಚ್ಚಕ್ಕೆ ರಿಸರ್ವ್ ಬ್ಯಾಂಕೇ ಹೊತ್ತಿತು. ಸುಮಾರು 26 ಶತಕೋಟಿ ಡಾಲರ್ ಹರಿದುಬಂತು. ಬಂದದ್ದು ಯಾರಿಂದ? ಕೈಯಲ್ಲಿ ಒಂದು ಪಾಲು ಇದ್ದರೆ ಹಲವು ಪಾಲು ಸಾಲ ಕೊಡಲು ವಿದೇಶಿ ಬ್ಯಾಂಕುಗಳು ತಾವಾಗಿ ಮುಂದೆ ಬಂದದ್ದು ಸಿರಿವಂತ ಗ್ರಾಹಕರಿಗೆ. ಅವರು ಅಗ್ಗದ ಸಾಲ ಪಡೆದು ಭಾರತದಲ್ಲಿಟ್ಟು ನಡುವಿನ ಬಡ್ಡಿಯನ್ನು ಜೇಬಿಗಿಳಿಸಿದರು. ಅಪಾಯವನ್ನು ಸರ್ಕಾರ ಹೊತ್ತರೆ ಯಾರೂ ಮಾರುಕಟ್ಟೆ ಪಂಡಿತರಾಗಬೇಕಿಲ್ಲ, ಲಾಭ ತಾನಾಗಿ ಬರುತ್ತದೆ. ದುಡಿಯುವ ವಲಸಿಗನಿಗಾಗಿ ಅದೇ ಕಾಲದಲ್ಲಿ, 2012ರಲ್ಲಿ, ಮಹಾತ್ಮ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಎಂಬ ಪಿಂಚಣಿ ಯೋಜನೆ ಹುಟ್ಟಿತ್ತು. ಸೇರಿದವರು ಕಡಿಮೆಯೆಂದು 2017ರಲ್ಲಿ ಅದನ್ನು ಮುಚ್ಚಲಾಯಿತು. ಆ ಯೋಜನೆಯನ್ನು ಶಿಬಿರ ಶಿಬಿರಕ್ಕೆ ಹೋಗಿ ತಿಳಿಸಿದವರು ಇದ್ದಿದ್ದರೆ ಸೇರುವವರೂ ಇರುತ್ತಿದ್ದರು.

ಕರಾವಳಿಯ ಕನ್ನಡಿಗರಿಗೆ ಇದೆಲ್ಲ ಹೊಸತಾಗಿ ಕಾಣಬೇಕಾಗಿರಲಿಲ್ಲ. ಸಣ್ಣ ಉಳಿತಾಯವನ್ನು ಹೇಗೆ ಕಾಯಬೇಕೆಂಬ ಪ್ರಶ್ನೆಗೆ ದೇಶಕ್ಕೇ ಉತ್ತರ ಕೊಟ್ಟ ನೆಲ ಅದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ಕೆನರಾ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್. 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಮೂವರೂ ಸೇರಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ. ಸಂಗ್ರಹಿಸುವವನು ಮನೆಬಾಗಿಲಿಗೆ, ಅಂಗಡಿಯ ಗಲ್ಲಕ್ಕೆ ಬರುತ್ತಿದ್ದ. ಮೀನು ಮಾರುವ ಹೆಂಗಸಿಗೆ ಬಡ್ಡಿದರದ ಗತಿಯನ್ನು ಅಭ್ಯಾಸ ಮಾಡೆಂದು ಆ ಬ್ಯಾಂಕು ಹೇಳಲಿಲ್ಲ. ಎರಡಾಣೆಯನ್ನು ಜೋಪಾನ ಮಾಡುವ ಹೊಣೆಯನ್ನು ತಾನು ಹೊತ್ತಿತು. ಆ ವ್ಯವಸ್ಥೆಯೇನೂ ಸ್ವರ್ಗವಾಗಿರಲಿಲ್ಲ. ಬಿಸಿಲು ಮಳೆಯೆನ್ನದೆ ಮನೆಮನೆ ತಿರುಗಿದ ಪಿಗ್ಮಿ ಸಂಗ್ರಾಹಕರು ತಾವೂ ಕಾರ್ಮಿಕರೆಂದು ಒಪ್ಪಿಸಲು 2001ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರುವ ತನಕ ಹೋರಾಡಬೇಕಾಯಿತು. ಆದರೂ ಅಲ್ಲಿ ಸಂಸ್ಥೆಯೆಂಬುದೊಂದಿತ್ತು, ಹೊಣೆ ಕೇಳಲು ಒಂದು ಬಾಗಿಲಿತ್ತು. 1969 ಮತ್ತು 1980ರ ರಾಷ್ಟ್ರೀಕರಣ ಆ ಬಾಗಿಲಿಗೆ ಸರ್ಕಾರದ ಭರವಸೆಯನ್ನೂ ಸೇರಿಸಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಕರಗಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಊರಿನ ಬ್ಯಾಂಕುಗಳ ಹೆಸರು ಫಲಕಗಳಿಂದ ಅಳಿಯುತ್ತಿದ್ದ ಹೊತ್ತಿನಲ್ಲೇ ಆ ಊರಿನ ಮಕ್ಕಳು ದೋಹಾದಲ್ಲಿ ಕೂತು 'ಸ್ವಯಂ ಸಂಪತ್ತು ನಿರ್ವಹಣೆ'ಯ ಪಾಠ ಕೇಳತೊಡಗಿದ್ದರು.

ಇಲ್ಲಿ ಅನಿವಾಸಿ ಪ್ರಗತಿಪರ ಲೇಖಕರಿಗೂ ಒಂದು ಮಾತು ಸಲ್ಲಬೇಕು. ಕೋಮುವಾದದ ಬಗ್ಗೆ, ಜಾತಿಯ ಬಗ್ಗೆ, ಭಾಷೆಯ ಬಗ್ಗೆ ಅವರು ದಣಿಯದೆ ಬರೆದಿದ್ದಾರೆ. ಹಣದ ಮಾತು ಬಂದರೆ ಮಾತ್ರ ಅದು ವ್ಯಾಪಾರಿಗಳ ವಿಷಯವೆಂಬ ಸಂಕೋಚ. ಬಂಡವಾಳವನ್ನು ಕುರಿತ ಮಹಾಗ್ರಂಥಗಳನ್ನು ಉಲ್ಲೇಖಿಸುವವರು ಪಕ್ಕದ ಕೋಣೆಯವನ ಗ್ರಾಚ್ಯುಟಿಯನ್ನು ಲೆಕ್ಕ ಹಾಕಿ ಕೊಟ್ಟದ್ದು ಅಪರೂಪ. ಈ ಸಂಕೋಚ ಬಿಟ್ಟುಕೊಟ್ಟ ಜಾಗದಲ್ಲೇ ಕಮಿಷನ್ ಏಜೆಂಟನ ಖುರ್ಚಿ ಬಂದು ಕೂತಿದೆ. ವಲಸೆ ಕಾರ್ಮಿಕರು ಸಂಘ ಕಟ್ಟುವಂತಿಲ್ಲದ ದೇಶದಲ್ಲಿ ಊರಿನ ಸಂಘಗಳೂ ಕೂಟಗಳೂ ರಾಜ್ಯೋತ್ಸವವನ್ನು ಆಚರಿಸುವುದರ ಜೊತೆಗೆ ಒಂದು ಸಂಬಳಚೀಟಿಯನ್ನು ಬಿಡಿಸಿ ಓದಿ ಹೇಳುವುದು ಯಾವ ಕಾನೂನಿಗೂ ವಿರುದ್ಧವಲ್ಲ.

ಬೇರೆ ದಾರಿಗಳು ಕಲ್ಪನೆಯ ಕೂಸುಗಳೇನಲ್ಲ. ದೋಹಾದ ಒಂದೇ ಕೋಣೆಯಲ್ಲಿ ಮಂಜೇಶ್ವರದವನೂ ಉಳ್ಳಾಲದವನೂ ಇದ್ದಾರೆನ್ನೋಣ. ಇಬ್ಬರ ಮಾತೂ ಒಂದೇ, ಊಟವೂ ಒಂದೇ, ನಡುವೆ ತಲಪಾಡಿಯ ಗೇಟು. ಮಂಜೇಶ್ವರದ ಕನ್ನಡಿಗನಿಗೆ ಕೇರಳದ 2008ರ ಅನಿವಾಸಿ ಕ್ಷೇಮ ಕಾಯಿದೆಯಡಿ ಮಂಡಳಿಯಿದೆ. ತಿಂಗಳು ತಿಂಗಳು ವಂತಿಗೆ ಕಟ್ಟಿ ಐದು ವರ್ಷ ಪೂರೈಸಿದರೆ 60 ತುಂಬಿದ ಮೇಲೆ ಪಿಂಚಣಿಯಿದೆ. 2019ರಿಂದ ಅವನು ಮೂರು ಲಕ್ಷದಿಂದ 51 ಲಕ್ಷದ ವರೆಗೆ ಹಣವಿಟ್ಟು ಶೇ 10ರ ಆದಾಯ ಪಡೆಯುವ ಪ್ರವಾಸಿ ಡಿವಿಡೆಂಡ್ ಯೋಜನೆಯೂ ಇದೆ. ಮೊತ್ತ ದೊಡ್ಡದಲ್ಲದಿರಬಹುದು, ಕುಂದುಕೊರತೆಗಳೂ ಇರಬಹುದು. ಉಳ್ಳಾಲದವನಿಗೆ ಕರ್ನಾಟಕದಿಂದ ಅಂಥ ಪಿಂಚಣಿಯಿಲ್ಲ. ಅವನಿಗೆ ಇರುವುದು ಒಂದು ಅನಿವಾಸಿ ಭಾರತೀಯ ಸಮಿತಿ ಮತ್ತು ಆಗಾಗ ಹೂಡಿಕೆಗೆ ಬನ್ನಿರೆಂಬ ಆಹ್ವಾನ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2025ರ ಫೆಬ್ರುವರಿಯಲ್ಲಿ ನಡೆದ ಹೂಡಿಕೆದಾರರ ಸಮಾವೇಶದ ಕೊನೆಗೆ 10 ಲಕ್ಷ ಕೋಟಿ ರೂಪಾಯಿಗೂ ಮೀರಿದ ಭರವಸೆಗಳನ್ನು ಸರ್ಕಾರ ಎಣಿಸಿತು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣದಲ್ಲಿ ಸುಮಾರು ಶೇ 7.7 ಕರ್ನಾಟಕಕ್ಕೆ ಬಂದದ್ದು. ಯಾವ ಸಮಾವೇಶವೂ ಇಲ್ಲದೆ, ತಿಂಗಳು ತಿಂಗಳು ಬರುವ ಹಣ.

ಕೊಲ್ಲಿಯಲ್ಲೂ ಕದಲಿಕೆಯಿದೆ. ಬಹರೇನ್ 2024ರ ಮಾರ್ಚ್‌ನಿಂದ ವಲಸಿಗರ ಸೇವಾಂತ್ಯದ ಹಣವನ್ನು ಉದ್ಯೋಗದಾತರು ತಿಂಗಳು ತಿಂಗಳು ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟುವಂತೆ ಮಾಡಿದೆ. ಕಂಪನಿ ಮುಳುಗಿದರೂ ಗ್ರಾಚ್ಯುಟಿ ಮುಳುಗುವುದಿಲ್ಲ. ಕತಾರ್ 2018ರ 17ನೇ ಕಾನೂನಿನಿಂದ ಬಾಕಿ ವೇತನಕ್ಕೊಂದು ಬೆಂಬಲ ನಿಧಿಯನ್ನು ಸ್ಥಾಪಿಸಿದೆಯಾದರೂ ಗ್ರಾಚ್ಯುಟಿಯನ್ನು ಹೀಗೆ ಕಂಪನಿಯ ತಿಜೋರಿಯಿಂದ ಹೊರತಂದಿಲ್ಲ. ಫಿಲಿಪ್ಪೀನ್ಸ್ 2018ರ ತನ್ನ ಸಾಮಾಜಿಕ ಭದ್ರತಾ ಕಾಯಿದೆಯಲ್ಲಿ ಹೊರದೇಶದಲ್ಲಿ ದುಡಿಯುವ ಪ್ರಜೆಗಳನ್ನು ಕಡ್ಡಾಯವಾಗಿ ಸೇರಿಸಿಕೊಂಡಿತು. ಭಾರತ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳೊಡನೆ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿದೆ. ಆ ಪಟ್ಟಿಯಲ್ಲಿ ಕೊಲ್ಲಿಯ ಆರು ರಾಷ್ಟ್ರಗಳ ಪೈಕಿ ಒಂದೂ ಇಲ್ಲ. 2025ರ ಫೆಬ್ರುವರಿ 18ರಂದು ಕತಾರಿನ ಅಮೀರರು ದೆಹಲಿಯಲ್ಲಿದ್ದಾಗ ಭಾರತದಲ್ಲಿ 10 ಶತಕೋಟಿ ಡಾಲರ್ ಹೂಡುವ ಮಾತಾಯಿತು, ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಪರಿಷ್ಕೃತ ಒಪ್ಪಂದಕ್ಕೆ ಸಹಿಯೂ ಬಿತ್ತು. ಮುಂದಿನ ಬಾರಿ ಎರಡೂ ಸರ್ಕಾರಗಳು ಮೇಜಿನ ಎದುರುಬದುರು ಕೂರುವಾಗ 8 ಲಕ್ಷ ಭಾರತೀಯರ ಗ್ರಾಚ್ಯುಟಿಯ ಕಡತವನ್ನು ಆ ಮೇಜಿನ ಮೇಲಿಡುವವರು ಯಾರೆಂದು ದೋಹಾದ ಕನ್ನಡ ಸಂಘಟನೆಗಳು ಬೆಂಗಳೂರಿನ ಸರ್ಕಾರವನ್ನೂ ತಮ್ಮ ಸಂಸದರನ್ನೂ ಈಗಲೇ ಕೇಳಬೇಕು.